ಗೋಡೆ ಯಾವುದು, ದುಡ್ಡು ಯಾರದು

1485ರ ಅಕ್ಟೋಬರ್‌ನಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಒಂದು ಕರಾರುಪತ್ರ ಆಯಿತು. ಒಂದು ಕಡೆ ಡೊಮೆನಿಕೊ ಗಿರ್ಲಾಂಡಾಯೊ, ಊರಿನಲ್ಲಿ ಒಳ್ಳೆ ಹೆಸರಿದ್ದ ಚಿತ್ರಕಾರ. ಇನ್ನೊಂದು ಕಡೆ ಅಲ್ಲಿನ ಅನಾಥಾಲಯದ ಮುಖ್ಯ ಪಾದ್ರಿ. ಅನಾಥಾಲಯದ ಚರ್ಚಿನ ಬಲಿಪೀಠಕ್ಕೆ ಒಂದು ಚಿತ್ರ ಬೇಕಿತ್ತು. ಹಸುಗೂಸು ಏಸುವನ್ನು ನೋಡಲು ಪೂರ್ವದಿಂದ ಜ್ಞಾನಿಗಳು ಬಂದ ದೃಶ್ಯ. ಕರಾರಿನಲ್ಲಿ ಸೌಂದರ್ಯ, ಭಾವ ಅನ್ನೋ ಮಾತೇ ಇಲ್ಲ. ಒಟ್ಟು 115 ಫ್ಲೋರಿನ್, ಅಂದರೆ ಅಲ್ಲಿನ ಚಿನ್ನದ ನಾಣ್ಯ. 30 ತಿಂಗಳಲ್ಲಿ ಮುಗಿಸಬೇಕು. ಬಣ್ಣದ ಖರ್ಚು, ಚಿನ್ನದ ಖರ್ಚು ಎಲ್ಲ ಚಿತ್ರಕಾರನದ್ದೇ. ನೀಲಿ ಮಾತ್ರ ಔನ್ಸಿಗೆ ಸುಮಾರು ನಾಲ್ಕು ಫ್ಲೋರಿನ್ ಬೆಲೆಯ ಅಲ್ಟ್ರಾಮರೀನ್ ಆಗಿರಬೇಕು. ಕೆಲಸ ಮುಗಿದ ಮೇಲೆ ಇದು ಅಷ್ಟು ಬಾಳೋದಿಲ್ಲ ಅಂತ ಪಾದ್ರಿಗೆ ಅನಿಸಿದರೆ ದುಡ್ಡು ಕಡಿಮೆ ಕೊಡಬಹುದು. ಮನೆ ಕಟ್ಟಿಸುವವರು ಮೇಸ್ತ್ರಿ ಹತ್ತಿರ ಸಿಮೆಂಟು ಇಂಥದ್ದೇ ಆಗಬೇಕು ಅಂತ ಬರೆಸಿಕೊಳ್ಳುತ್ತಾರಲ್ಲ, ಥೇಟ್ ಹಾಗೇ.

ಆ ನೀಲಿಯ ಮೇಲೆ ಯಾಕಿಷ್ಟು ಕಣ್ಣು? ಅದು ಲಾಪಿಸ್ ಲಾಜುಲಿ ಎಂಬ ಕಲ್ಲನ್ನು ಅರೆದು ಮಾಡುತ್ತಿದ್ದ ಬಣ್ಣ. ಯುರೋಪಿಗೆ ಆ ಕಲ್ಲು ಬರುತ್ತಿದ್ದದ್ದು ಅಫ್ಘಾನಿಸ್ತಾನದ ಬದಖ್‌ಶಾನ್ ಬೆಟ್ಟಗಳಿಂದ. ಅಗ್ಗದ ನೀಲಿಯೂ ಸಿಗುತ್ತಿತ್ತು, ಅಜುರೈಟ್ ಅಂತ. ನೋಡಿದ ಕೂಡಲೇ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಅದಕ್ಕೇ ಬರವಣಿಗೆಯಲ್ಲಿ ಭದ್ರ ಮಾಡಿಕೊಂಡರು. ಮರಿಯಮ್ಮನ ಸೆರಗಿಗೆ ದುಬಾರಿ ನೀಲಿ ಬಳಿದರೆ ಅದು ಭಕ್ತಿಯೂ ಹೌದು, ದುಡ್ಡು ಕೊಟ್ಟವರ ಅಂತಸ್ತಿನ ಪ್ರದರ್ಶನವೂ ಹೌದು.

ಪಾಶ್ಚಾತ್ಯ ಕಲೆಯ ಇತಿಹಾಸ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಪಟ್ಟಿ ನೆನಪಾಗುತ್ತದೆ. ಬೈಜಾಂಟೈನ್, ಗಾಥಿಕ್, ರೆನೆಸಾನ್ಸ್, ಬರೋಕ್, ರೊಕೊಕೊ, ನಿಯೊಕ್ಲಾಸಿಕಲ್, ರೊಮ್ಯಾಂಟಿಕ್, ಇಂಪ್ರೆಷನಿಸಂ, ಕ್ಯೂಬಿಸಂ. ಪ್ರತಿಯೊಂದರ ಎದುರು ಒಂದು ಇಸವಿ. ಪರೀಕ್ಷೆಗೆ ಬಾಯಿಪಾಠ ಮಾಡೋಕೆ ಅನುಕೂಲ. ಆದರೆ ಅದನ್ನು ಓದಿದರೆ, ಒಂದು ದಿನ ಬೆಳಗ್ಗೆ ಎದ್ದು ಯುರೋಪಿನ ಚಿತ್ರಕಾರರೆಲ್ಲ 'ಸಾಕಪ್ಪಾ ಇದು' ಅಂತ ಹೊಸ ಶೈಲಿ ಹಿಡಿದರೇನೋ ಅನಿಸುತ್ತದೆ. ನನಗೆ ಆ ಪಟ್ಟಿಗಿಂತ ಮೂರು ಸಾದಾ ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬಂದಿವೆ. ಇದನ್ನು ಯಾವ ಗೋಡೆಗೆ ಅಂತ ಬರೆದರು? ಯಾವುದರಿಂದ ಬರೆದರು? ದುಡ್ಡು ಯಾರು ಕೊಟ್ಟರು? ಶೈಲಿ ಬದಲಾದ ಕಡೆಯಲ್ಲೆಲ್ಲ ಇವುಗಳಲ್ಲಿ ಒಂದಾದರೂ ಮೊದಲೇ ಬದಲಾಗಿರುತ್ತದೆ. ಪ್ರತಿಭೆಗೆ ಬೆಲೆ ಇಲ್ಲ ಅಂತಲ್ಲ. ಆದರೆ ಪ್ರತಿಭೆಗೂ ನಿಲ್ಲೋಕೆ ಒಂದು ಜಾಗ ಬೇಕಲ್ವಾ.

ಹಿಂದಿನಿಂದ ಶುರು ಮಾಡೋಣ. ಸಿಯೆನಾ ಊರಿನ ಚಿತ್ರಕಾರ ಡುಚ್ಚೊ 1308ರಿಂದ 1311ರವರೆಗೆ ಅಲ್ಲಿನ ದೊಡ್ಡ ಚರ್ಚಿಗೆ ಮರಿಯಮ್ಮನ ಒಂದು ಭಾರಿ ಚಿತ್ರ ಬರೆದ. ಮರದ ಹಲಗೆಯ ಮೇಲೆ, ಹಿಂದೆಲ್ಲ ಚಿನ್ನದ ರೇಕು. 1311ರ ಜೂನ್ 9ರಂದು ಅದನ್ನು ಅವನ ಕಾರ್ಯಾಗಾರದಿಂದ ಚರ್ಚಿಗೆ ಮೆರವಣಿಗೆಯಲ್ಲಿ ತಂದರು. ಅಂದು ಅಂಗಡಿಗಳಿಗೆ ಬಾಗಿಲು. ಗಂಟೆಗಳು ಬಾರಿಸಿದವು. ಇಡೀ ಊರು ಹಿಂದೆ ನಡೆಯಿತು. ಪುಸ್ತಕದಲ್ಲಿ ಆ ಚಿತ್ರ ನೋಡಿದರೆ ಚಿನ್ನ ಚಪ್ಪಟೆಯಾಗಿ, ಹಳದಿ ಬಣ್ಣ ಬಳಿದ ಹಾಗೆ ಕಾಣುತ್ತದೆ. ಆದರೆ ಅದನ್ನು ಬರೆದದ್ದು ಟ್ಯೂಬ್‌ಲೈಟ್ ಬೆಳಕಿಗಲ್ಲ. ಕತ್ತಲೆ ತುಂಬಿದ ಚರ್ಚು, ಅಲುಗಾಡುವ ಮೇಣದ ಬತ್ತಿಗಳು. ಅಲ್ಲಿ ಚಿನ್ನ ಕ್ಷಣಕ್ಕೊಂದು ಥರ ಮಿನುಗುತ್ತದೆ. ಆ ಕಾಲದವರಿಗೆ ಹಿನ್ನೆಲೆಯಲ್ಲಿ ಆಕಾಶ, ಮರ ಬರೆಯೋಕೆ ಬರುತ್ತಿರಲಿಲ್ಲ ಅಂತ ಕೆಲವರು ಹೇಳುವುದುಂಟು. ಅವರಿಗೆ ಆ ಜಾಗದಲ್ಲಿ ಆಕಾಶ ಬೇಕಿರಲಿಲ್ಲ, ಬೆಳಕು ಬೇಕಿತ್ತು. 1771ರಲ್ಲಿ ಈ ಚಿತ್ರವನ್ನು ಗರಗಸದಿಂದ ಸೀಳಿದರು. ಅದರ ಕೆಲವು ಚೂರುಗಳು ಇವತ್ತು ಬೇರೆ ಬೇರೆ ದೇಶಗಳ ಮ್ಯೂಸಿಯಂಗಳಲ್ಲಿವೆ.

ಹಲಗೆಯ ಮೇಲೆ ಬಣ್ಣ ಅಂಟಿಸುತ್ತಿದ್ದದ್ದು ಕೋಳಿಮೊಟ್ಟೆಯ ಹಳದಿಯಿಂದ. 1400ರ ಆಸುಪಾಸಿನಲ್ಲಿ ಚೆನ್ನಿನೊ ಚೆನ್ನಿನಿ ಎಂಬುವನು ಚಿತ್ರಕಾರರಿಗಾಗಿ ಒಂದು ಕೈಪಿಡಿ ಬರೆದಿಟ್ಟ. ಅದರಲ್ಲಿ ಒಂದು ಸಲಹೆ ಇದೆ. ಎಳೆ ವಯಸ್ಸಿನವರ ಮುಖಕ್ಕೆ ಪೇಟೆ ಕೋಳಿಯ ಮೊಟ್ಟೆ ಬಳಸಿ, ಅದರ ಹಳದಿ ತಿಳಿ. ವಯಸ್ಸಾದವರ, ಕಪ್ಪು ಮೈಬಣ್ಣದವರ ಮುಖಕ್ಕೆ ಹಳ್ಳಿ ಕೋಳಿಯದು ಇರಲಿ. ನಾಟಿ ಮೊಟ್ಟೆ, ಫಾರಂ ಮೊಟ್ಟೆ ಚರ್ಚೆ ಇವತ್ತಿನದಲ್ಲ ನೋಡಿ. ಮೊಟ್ಟೆಯ ಬಣ್ಣ ಬೇಗ ಒಣಗುತ್ತದೆ. ಒಂದರೊಳಗೆ ಒಂದು ಕಲಸೋಕೆ ಸಮಯ ಕೊಡೋದಿಲ್ಲ. ಹಾಗಾಗಿ ಸಣ್ಣ ಸಣ್ಣ ಗೆರೆ ಎಳೆದು ನೆರಳು ತರಬೇಕು. ಆ ಕಾಲದ ಮುಖಗಳು ಅಷ್ಟು ಸ್ಪಷ್ಟವಾಗಿ, ಸ್ವಲ್ಪ ಗಡುಸಾಗಿ ಇರುವುದಕ್ಕೆ ಮೊಟ್ಟೆಯೂ ಒಂದು ಕಾರಣ.

ಗೋಡೆಯದು ಬೇರೆಯದೇ ಲೆಕ್ಕ. ಫ್ರೆಸ್ಕೊ ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣದಿಂದ ಬರೆಯುವುದು. ಸುಣ್ಣ ಒಣಗುವಾಗ ಗಾಳಿಯ ಜೊತೆ ಸೇರಿ ಮತ್ತೆ ಕಲ್ಲಾಗುತ್ತದೆ, ಬಣ್ಣವನ್ನು ಒಳಗೆ ಹಿಡಿದುಕೊಳ್ಳುತ್ತದೆ. ಅಂದರೆ ಚಿತ್ರ ಗೋಡೆಯ ಮೇಲೆ ಇರೋದಿಲ್ಲ, ಗೋಡೆಯೊಳಗೇ ಇರುತ್ತದೆ. ಆದರೆ ಗಾರೆ ಹಸಿಯಿರುವಷ್ಟೇ ಹೊತ್ತು ಅವಕಾಶ. ಅದಕ್ಕೇ ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಜಾಗಕ್ಕೆ ಗಾರೆ ಮೆತ್ತುತ್ತಿದ್ದರು. ಹತ್ತಿರದಿಂದ ನೋಡಿದರೆ ಈ ದಿನಗಳ ಬೆಸುಗೆ ಕಾಣುತ್ತದೆ. ಒಂದು ತಲೆಗೆ ಒಂದು ಇಡೀ ದಿನ, ಪಕ್ಕದ ಆಕಾಶದ ದೊಡ್ಡ ತುಂಡಿಗೂ ಒಂದೇ ದಿನ.

ಈ ವಿದ್ಯೆಯಲ್ಲಿ ಫ್ಲಾರೆನ್ಸ್‌ನ ಚಿತ್ರಕಾರ ಜೊತ್ತೊಗೆ ಸಮ ಯಾರಿದ್ದಾರೆ? ಇಟಲಿಯ ಪಾದುವಾ ಊರಿನ ಸ್ಕ್ರೊವೆನ್ಯಿ ಚಾಪೆಲ್ 1305ರಲ್ಲಿ ಪ್ರತಿಷ್ಠೆಯಾಯಿತು. ಕಟ್ಟಿಸಿದವನು ಎನ್ರಿಕೊ ಸ್ಕ್ರೊವೆನ್ಯಿ. ಅವನ ಅಪ್ಪ ಬಡ್ಡಿ ವ್ಯವಹಾರದಲ್ಲಿ ಎಷ್ಟು ಹೆಸರುವಾಸಿ ಅಂದರೆ, ಕವಿ ದಾಂತೆ ಅವನನ್ನು ನೇರ ನರಕಕ್ಕೇ ಕಳಿಸಿಬಿಟ್ಟ. ಮಗ ಚಾಪೆಲ್ ಕಟ್ಟಿಸಿ, ಗೋಡೆ ತುಂಬ ಜೊತ್ತೊನಿಂದ ಬರೆಸಿದ. ಕೊನೆಯ ತೀರ್ಪಿನ ದೊಡ್ಡ ಚಿತ್ರದಲ್ಲಿ ಎನ್ರಿಕೊ ತಾನೇ ಮಂಡಿಯೂರಿ ಚಾಪೆಲ್‌ನ ಪುಟ್ಟ ಮಾದರಿಯನ್ನು ಅರ್ಪಿಸುತ್ತಿದ್ದಾನೆ, ಪುಣ್ಯವಂತರ ಕಡೆಯಲ್ಲೇ. ದುಡ್ಡು ಕೊಟ್ಟವನು ಚಿತ್ರದೊಳಗೇ ಬಂದು ಕೂರುವುದು ಅಂದರೆ ಇದು. ಅದಿರಲಿ, ಏಸುವಿನ ಹೆಣದ ಸುತ್ತ ಜನ ಅಳುವ ದೃಶ್ಯ ನೋಡಿ. ಮುಂದೆ ಇಬ್ಬರು ನಮಗೆ ಬೆನ್ನು ಹಾಕಿ ನೆಲದ ಮೇಲೆ ಕುಕ್ಕರಿಸಿದ್ದಾರೆ. ಮುಖವೇ ಇಲ್ಲ. ಬರೀ ಬಟ್ಟೆಯ ರಾಶಿ, ಅದರೊಳಗೆ ಒಂದು ಮೈಯ ಭಾರ. ನಾವೂ ಅವರ ಹಿಂದೆ ನಿಂತಿದ್ದೇವೆ ಅನ್ನಿಸುತ್ತದೆ. ಚಿನ್ನದ ಹಿನ್ನೆಲೆ ಇದ್ದಿದ್ದರೆ ಈ ಭಾರ ಹೀಗೆ ಬರುತ್ತಿತ್ತೇ ಅಂತ ನನಗೆ ಅನುಮಾನ.

ಫ್ರೆಸ್ಕೊ ನೋಡೋಕೆ ಇಟಲಿಗೇ ಹೋಗಬೇಕಾಗಿಲ್ಲ. ಮಂಗಳೂರಿನ ಲೈಟ್‌ಹೌಸ್ ಹಿಲ್ ಮೇಲಿನ ಸೇಂಟ್ ಅಲೋಶಿಯಸ್ ಚಾಪೆಲ್‌ಗೆ ಹೋಗಿ ತಲೆಯೆತ್ತಿದರೆ ಸಾಕು. ಬರೆದವರು ಬೆರ್ಗಾಮೊ ಹತ್ತಿರದ ಸ್ಟೆಜ್ಜಾನೊದಲ್ಲಿ ಹುಟ್ಟಿದ ಆಂತೊನಿಯೊ ಮೊಸ್ಕೆನಿ ಎಂಬ ಜೆಸ್ವಿಟ್ ಬ್ರದರ್. 1899ರ ಹೊತ್ತಿಗೆ ಕೆಲಸ ಹಿಡಿದು ಎರಡು ವರ್ಷದಷ್ಟರಲ್ಲಿ ಮುಗಿಸಿದರು. ಗೋಡೆಯ ಮೇಲೆ ಫ್ರೆಸ್ಕೊ, ಚಾವಣಿಗೆ ಕ್ಯಾನ್ವಾಸ್ ಮೇಲೆ ತೈಲವರ್ಣ. ನಾನು ಅಲ್ಲಿ ನಿಂತಾಗೆಲ್ಲ ಯೋಚಿಸುವುದು ಇಸವಿಯ ಬಗ್ಗೆ. 1899ರಲ್ಲೇ ಫ್ರಾನ್ಸಿನಲ್ಲಿ ಚಿತ್ರಕಾರ ಕ್ಲೋದ್ ಮೊನೆ ತನ್ನ ತೋಟದ ಕೊಳ, ಅದರ ಮೇಲಿನ ಜಪಾನಿ ಸೇತುವೆ ಬರೆಯುತ್ತಿದ್ದ. 1900ರಲ್ಲಿ ಬಾರ್ಸಿಲೋನಾದಲ್ಲಿ ಹದಿಹರೆಯದ ಪಿಕಾಸೊ ತನ್ನ ಮೊದಲ ಪ್ರದರ್ಶನ ಇಟ್ಟ. ಅದೇ ಹೊತ್ತಿಗೆ ಮಂಗಳೂರಿನಲ್ಲಿ ಒಬ್ಬರು ಮುನ್ನೂರು ನಾನ್ನೂರು ವರ್ಷ ಹಿಂದಿನ ಭಾಷೆಯಲ್ಲಿ, ಪೂರ್ತಿ ನಂಬಿಕೆಯಿಂದ, ಸಂತರ ಕಥೆ ಬರೆಯುತ್ತಿದ್ದರು. ಪಟ್ಟಿಯ ಪ್ರಕಾರ ಅದು ಮುಗಿದುಹೋದ ಕಾಲ. ಆದರೆ ಅಲ್ಲಿ ಚರ್ಚಿನ ಗೋಡೆ ಇತ್ತು, ಬರೆಸುವ ಸಂಸ್ಥೆ ಇತ್ತು, ಬೆರ್ಗಾಮೊದಲ್ಲಿ ಕಲಿತ ಕೈ ಇತ್ತು. ಶೈಲಿ ಸಾಯಲಿಲ್ಲ. ಮೊಸ್ಕೆನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಇನ್ನು ಎಣ್ಣೆ. ಈಗಿನ ಬೆಲ್ಜಿಯಂ ಕಡೆಯ ಚಿತ್ರಕಾರ ಯಾನ್ ವಾನ್ ಐಕ್ ತೈಲವರ್ಣವನ್ನು ಕಂಡುಹಿಡಿದ ಅಂತ ಬಹಳ ಕಾಲ ನಂಬಿದ್ದರು. ಅದು ಸರಿಯಲ್ಲ. ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳಲ್ಲಿ ಏಳನೇ ಶತಮಾನದ ಹೊತ್ತಿಗೇ ಒಣಗುವ ಎಣ್ಣೆಯಲ್ಲಿ ಕಲಸಿದ ಬಣ್ಣ ಬಳಸಿದ್ದರು. ನೀಲಿ ಕಲ್ಲೂ ಅಲ್ಲಿಯದೇ, ಎಣ್ಣೆ ಬಣ್ಣದ ಹಳೆಯ ಕುರುಹೂ ಅಲ್ಲಿಯದೇ. ವಾನ್ ಐಕ್ ಮಾಡಿದ್ದು ಬೇರೆ. ಅಗಸೆ ಎಣ್ಣೆ ನಿಧಾನ ಒಣಗುತ್ತದೆ, ತೆಳುವಾಗಿ ಬಳಿದರೆ ಗಾಜಿನ ಹಾಗೆ ಬೆಳಕು ಬಿಡುತ್ತದೆ. ಪದರದ ಮೇಲೆ ಪದರ ಬಳಿದು, ಮಾಣಿಕ್ಯ, ಕೂದಲು, ರೋಮ, ಹಿತ್ತಾಳೆಯ ಮೇಲೆ ಬಿದ್ದ ಬೆಳಕು ಎಲ್ಲವನ್ನೂ ನಂಬಲಾರದಷ್ಟು ನಿಜ ಮಾಡಿದ. ಗೆಂಟ್ ಊರಿನ ಬಲಿಪೀಠದ ಚಿತ್ರವನ್ನು ಅವನು ಮುಗಿಸಿದ್ದು 1432ರಲ್ಲಿ. ಈಗ ಅದನ್ನು ಇಂಟರ್ನೆಟ್‌ನಲ್ಲಿ ಹಿಗ್ಗಿಸಿ ನೋಡಬಹುದು. ಹಿಗ್ಗಿಸಿದಷ್ಟೂ ಇನ್ನೇನೋ ಸಿಗುತ್ತದೆ.

ಎಣ್ಣೆ ವೆನಿಸ್‌ಗೆ ಬಂದಾಗ ಅದಕ್ಕೆ ಸರಿಯಾದ ಜಾಗ ಸಿಕ್ಕಿತು. ನೀರಿನ ಮೇಲಿನ ಊರು, ಉಪ್ಪು ಗಾಳಿ. ಅಲ್ಲಿ ಫ್ರೆಸ್ಕೊ ಉಳಿಯೋದಿಲ್ಲ, ಮರದ ಹಲಗೆಯೂ ಸೊಟ್ಟಗಾಗುತ್ತದೆ. ಆದರೆ ಹಡಗು ಕಟ್ಟುವ ಊರಾದ್ದರಿಂದ ಹಾಯಿಬಟ್ಟೆಗೆ ಬರವಿಲ್ಲ. ಕ್ಯಾನ್ವಾಸ್ ಅಲ್ಲಿ ನೆಲೆಯೂರಿತು. ಬಟ್ಟೆಯಾದರೆ ಸುರುಳಿ ಸುತ್ತಿ ಕಳಿಸಬಹುದು. ಟಿಶಿಯನ್ ವೆನಿಸ್‌ನಲ್ಲಿ ಕೂತು ಬರೆದು ಸ್ಪೇನಿನ ರಾಜ ಎರಡನೇ ಫಿಲಿಪ್‌ಗೆ ಕಳಿಸುತ್ತಿದ್ದ. ಚಿತ್ರ ಗೋಡೆ ಬಿಟ್ಟು ಓಡಾಡೋಕೆ ಕಲಿತಿತು. ಇದು ನನ್ನ ಪ್ರಕಾರ, ಸಪಾಟು ಚಿತ್ರದಲ್ಲಿ ಆಳ ತೋರಿಸುವ ದೃಷ್ಟಿಕೋನದ (ಪರ್ಸ್ಪೆಕ್ಟಿವ್) ಗಣಿತಕ್ಕಿಂತ ದೊಡ್ಡ ಬದಲಾವಣೆ. ರೆನೆಸಾನ್ಸ್ ಅಂದ ಕೂಡಲೇ ಎಲ್ಲರೂ ಗಣಿತದ ಮಾತೇ ಆಡುತ್ತಾರೆ, ಬಟ್ಟೆಯ ಮಾತು ಯಾರೂ ಆಡೋದಿಲ್ಲ. ಈ ಮಧ್ಯೆ ಲಿಯೊನಾರ್ಡೊ ಮಿಲಾನ್‌ನಲ್ಲಿ ಒಣಗಿದ ಗೋಡೆಯ ಮೇಲೆ ಎಣ್ಣೆ, ಮೊಟ್ಟೆ ಪ್ರಯೋಗ ಮಾಡಿ 'ಕೊನೆಯ ಭೋಜನ' ಬರೆದ. 1498ರ ಹೊತ್ತಿಗೆ ಮುಗಿಯಿತು. ಅವನು ಬದುಕಿರುವಾಗಲೇ ಉದುರೋಕೆ ಶುರುವಾಯಿತು. ಹಸಿ ಗಾರೆಯ ಅವಸರ ಅವನ ಜಾಯಮಾನಕ್ಕೆ ಒಗ್ಗಲಿಲ್ಲ, ಅಷ್ಟೇ.

ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಮೋನಾಲಿಸಾ ಎದುರಿನ ಗೋಡೆಯ ಮೇಲೆ ವೆರೊನೀಸೆ ಬರೆದ 'ಕಾನಾ ಊರಿನ ಮದುವೆ' ಇದೆ. ಎತ್ತರ ಆರೂಮುಕ್ಕಾಲು ಮೀಟರ್, ಅಗಲ ಹತ್ತಿರ ಹತ್ತಿರ 10 ಮೀಟರ್. ಜನ ಅದಕ್ಕೆ ಬೆನ್ನು ಹಾಕಿ ಫೋನ್ ಎತ್ತಿ ಹಿಡಿದಿರುತ್ತಾರೆ. ಅದನ್ನು 1563ರಲ್ಲಿ ಮುಗಿಸಿದ್ದು ವೆನಿಸ್‌ನ ಸ್ಯಾನ್ ಜೋರ್ಜೊ ಮಠದ ಊಟದ ಮನೆಗೆ. ಸನ್ಯಾಸಿಗಳು ಊಟಕ್ಕೆ ಕೂತರೆ ಎದುರಿಗೆ ಈ ಮದುವೆ ಊಟ. 1797ರಲ್ಲಿ ನೆಪೋಲಿಯನ್ ಸೈನ್ಯ ಅದನ್ನು ಕತ್ತರಿಸಿ ಪ್ಯಾರಿಸ್‌ಗೆ ಸಾಗಿಸಿತು. ವಾಪಸ್ ಹೋಗಲೇ ಇಲ್ಲ. 2007ರಲ್ಲಿ ಅದರ ಒಂದು ಪಡಿಯಚ್ಚನ್ನು ಹಳೆಯ ಊಟದ ಮನೆಯಲ್ಲಿ ಹಾಕಿದರು. ನಿಜವಾದ ಚಿತ್ರ ತಪ್ಪು ಜಾಗದಲ್ಲಿ, ನಕಲು ಸರಿಯಾದ ಜಾಗದಲ್ಲಿ. ಯಾವುದನ್ನು ನೋಡಬೇಕು ಹೇಳಿ!

ಇದೇ ವೆರೊನೀಸೆಯನ್ನು 1573ರಲ್ಲಿ ಚರ್ಚಿನ ಧರ್ಮ ವಿಚಾರಣೆಯವರು (ಇನ್‌ಕ್ವಿಸಿಷನ್) ಕರೆಸಿದರು. ಅವನ 'ಕೊನೆಯ ಭೋಜನ'ದಲ್ಲಿ ಕೋಡಂಗಿ, ಕುಡುಕ, ಜರ್ಮನ್ ಸಿಪಾಯಿಗಳು ಎಲ್ಲ ಇದ್ದರು. ಏಸುವಿನ ಊಟದಲ್ಲಿ ಇವರಿಗೇನು ಕೆಲಸ ಅಂತ ಪ್ರಶ್ನೆ. ಜಾಗ ಖಾಲಿ ಇತ್ತು, ತುಂಬಿಸಿದೆ ಅನ್ನೋ ಅರ್ಥದ ಉತ್ತರ ಅವನದು. ಸರಿಪಡಿಸು ಅಂದರು. ಅವನು ಚಿತ್ರ ಬದಲಾಯಿಸಲಿಲ್ಲ, ಹೆಸರು ಬದಲಾಯಿಸಿದ. 'ಲೇವಿಯ ಮನೆಯ ಔತಣ' ಅಂತ ಆಯಿತು. ಎಲ್ಲರೂ ಸುಮ್ಮನಾದರು.

ವಿಚಾರಣೆಗೆ ಕಾರಣ ಇತ್ತು. ಯುರೋಪು ಆಗಲೇ ಎರಡಾಗಿತ್ತು. 1566ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರಾಟೆಸ್ಟೆಂಟ್ ಗುಂಪುಗಳು ಚರ್ಚುಗಳಿಗೆ ನುಗ್ಗಿ ವಿಗ್ರಹ, ಚಿತ್ರ ಒಡೆದು ಹಾಕಿದವು. ಕ್ಯಾಥೊಲಿಕರು 1563ರಲ್ಲೇ ಟ್ರೆಂಟ್ ಸಭೆಯಲ್ಲಿ ಚಿತ್ರಗಳು ಬೇಕು, ಆದರೆ ಜನರಿಗೆ ಸರಿಯಾಗಿ ತಿಳಿಯುವಂತಿರಬೇಕು ಅಂತ ತೀರ್ಮಾನಿಸಿದ್ದರು. ಒಂದು ಕಡೆ ಗೋಡೆ ಖಾಲಿ. ಇನ್ನೊಂದು ಕಡೆ ಗೋಡೆಗೆ ಹೊಸ ಜವಾಬ್ದಾರಿ.

ರೋಮ್‌ನಲ್ಲಿ ಆ ಜವಾಬ್ದಾರಿ ಹೊತ್ತವನು ಕಾರವಾಜ್ಜೊ, ಬೀದಿ ಜಗಳಗಂಟ. 1600ರಲ್ಲಿ ಸ್ಯಾನ್ ಲುಯಿಜಿ ಚರ್ಚಿನಲ್ಲಿ ಅವನು ಬರೆದ, ಏಸುವಿನ ಶಿಷ್ಯನಾದ ಮತ್ತಾಯನ ಚಿತ್ರ ನೋಡಿ. ಸುಂಕದ ಕಟ್ಟೆಯಲ್ಲಿ ದುಡ್ಡು ಎಣಿಸುತ್ತಿರುವವರ ಮೇಲೆ ಬಲಗಡೆಯಿಂದ ಓರೆಯಾಗಿ ಬೆಳಕು ಬೀಳುತ್ತದೆ. ಅದರ ಜೊತೆ ಏಸುವಿನ ಕೈ. ಉಳಿದದ್ದೆಲ್ಲ ಕತ್ತಲು. ಅಲ್ಲಿನ ಬಲಿಪೀಠಕ್ಕೆ ಅವನು ಮೊದಲ ಸಲ ಬರೆದುಕೊಟ್ಟ ಇನ್ನೊಂದು ಚಿತ್ರದಲ್ಲಿ ಸಂತ ಮತ್ತಾಯ ಕಾಲ ಮೇಲೆ ಕಾಲು ಹಾಕಿಕೊಂಡು, ಬರಿಗಾಲನ್ನು ನೋಡುವವರ ಕಡೆಗೇ ಚಾಚಿ ಕೂತಿದ್ದ. ಅದು ಬೇಡ ಅಂದರು. ಶ್ರೀಮಂತನೊಬ್ಬ ಅದನ್ನು ಕೊಂಡುಕೊಂಡ. ಇದು ಗಮನಿಸಬೇಕಾದ್ದು. ಚರ್ಚು ಬೇಡ ಅಂದರೆ ಮನೆಗೆ ಒಯ್ಯುವವನು ಹುಟ್ಟಿಕೊಂಡಿದ್ದ. ಆ ಚಿತ್ರ 1945ರಲ್ಲಿ ಬರ್ಲಿನ್‌ನಲ್ಲಿ ಸುಟ್ಟುಹೋಯಿತು. ಕಪ್ಪುಬಿಳುಪು ಫೋಟೊ ಮಾತ್ರ ಉಳಿದಿದೆ.

ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಹಾಲೆಂಡಿನದು. ಚರ್ಚಿನ ಗೋಡೆಗೆ ಸುಣ್ಣ ಬಳಿದಾಯಿತು. ಹೇಳಿಕೊಳ್ಳುವಂಥ ರಾಜನೂ ಇಲ್ಲ. ಚಿತ್ರಕಾರರು ಹೊಟ್ಟೆಪಾಡಿಗೆ ಏನು ಮಾಡಬೇಕು? ಮಾರುಕಟ್ಟೆಗೆ ಹೋದರು. ಹಡಗು ವ್ಯಾಪಾರದಲ್ಲಿ ದುಡ್ಡು ಮಾಡಿದವರು, ಅಂಗಡಿಯವರು, ಕುಶಲಕರ್ಮಿಗಳು ಮನೆಗೆ ಚಿತ್ರ ಕೊಳ್ಳುತ್ತಿದ್ದರು. 1641ರಲ್ಲಿ ರಾಟರ್‌ಡ್ಯಾಮ್‌ಗೆ ಬಂದ ಇಂಗ್ಲಿಷ್ ಪ್ರವಾಸಿ ಜಾನ್ ಎವೆಲಿನ್, ಜಾತ್ರೆಯಲ್ಲಿ ಚಿತ್ರಗಳ ರಾಶಿ ಮಾರಾಟಕ್ಕಿದ್ದದ್ದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಯಾರು ಕೊಳ್ಳುತ್ತಾರೋ ಮೊದಲೇ ಗೊತ್ತಿಲ್ಲ. ಹಾಗಾಗಿ ಒಬ್ಬೊಬ್ಬರು ಒಂದೊಂದನ್ನು ಹಿಡಿದರು. ಒಬ್ಬ ಬರೀ ಹೂವು, ಒಬ್ಬ ಹಡಗು, ಒಬ್ಬ ಹಸು, ಒಬ್ಬ ಚಳಿಗಾಲದ ನದಿ. ಸಂತರು ಹೋದರು. ಸೊಪ್ಪು, ಮೀನು, ಚೀಸ್, ಪತ್ರ ಓದುವ ಹೆಂಗಸು, ಮೋಡ ತುಂಬಿದ ಆಕಾಶ ಬಂದವು. ಚಿತ್ರಗಳು ಚಿಕ್ಕದಾದವು, ಮನೆಯ ಗೋಡೆ ಅಷ್ಟೇ ತಾನೇ. ಚಿತ್ರಕಾರರಿಗೆ ಕಷ್ಟವೂ ಹೆಚ್ಚಿತು. ಯಾನ್ ಸ್ಟೀನ್ ಹೆಂಡದಂಗಡಿ ನಡೆಸಿದ. ಯಾನ್ ವಾನ್ ಗೋಯೆನ್ ಟ್ಯುಲಿಪ್ ಗಡ್ಡೆಯ ಸಟ್ಟಾ ವ್ಯಾಪಾರಕ್ಕೆ ಇಳಿದು, ಸಾಲದಲ್ಲೇ ಸತ್ತ.

ಫರ್ಮೇರ್ ಕಥೆ ಇನ್ನೂ ಚೆನ್ನಾಗಿದೆ. 1663ರಲ್ಲಿ ಒಬ್ಬ ಫ್ರೆಂಚ್ ಪ್ರವಾಸಿ ಡೆಲ್ಫ್ಟ್‌ಗೆ ಅವನನ್ನು ಹುಡುಕಿಕೊಂಡು ಬಂದ. ತೋರಿಸೋಕೆ ಫರ್ಮೇರ್ ಹತ್ತಿರ ಒಂದು ಚಿತ್ರವೂ ಇರಲಿಲ್ಲ. ಒಂದು ಸಿಕ್ಕಿದ್ದು ಊರಿನ ಬೇಕರಿಯವನ ಮನೆಯಲ್ಲಿ! 1675ರಲ್ಲಿ ಫರ್ಮೇರ್ ಸತ್ತಾಗ ಮನೆ ತುಂಬ ಮಕ್ಕಳು, ಸಾಲ. ಹೆಂಡತಿ ಬ್ರೆಡ್ಡಿನ ಸಾಲಕ್ಕೆ ಎರಡು ಚಿತ್ರವನ್ನು ಬೇಕರಿಯವನಿಗೆ ಕೊಟ್ಟಳು. ಅಷ್ಟು ಸಾಲ ಇದ್ದರೂ ಈ ಮನುಷ್ಯ ಬಳಸುತ್ತಿದ್ದ ನೀಲಿ ಯಾವುದು ಅಂದುಕೊಂಡಿರಿ? ಅಸಲಿ ಅಲ್ಟ್ರಾಮರೀನ್. ಕಣ್ಣಿಗೆ ಕಾಣದ ಒಳಪದರದಲ್ಲೂ ಅದನ್ನೇ ಹಾಕಿದ್ದಾನೆ. ಯಾವ ಪಾದ್ರಿಯೂ ಕರಾರಿನಲ್ಲಿ ಬರೆಸಿರಲಿಲ್ಲ. ಅವನ ಲೇಸ್ ಹೆಣೆಯುವ ಹುಡುಗಿಯ ಚಿತ್ರವೂ ಲೂವ್ರ್‌ನಲ್ಲೇ ಇದೆ. ಎತ್ತರ 24.5 ಸೆಂಟಿಮೀಟರ್. ಪುಸ್ತಕದಲ್ಲಿ ಅದೂ 'ಕಾನಾ ಊರಿನ ಮದುವೆ'ಯೂ ಒಂದೇ ಅಳತೆಯಲ್ಲಿ ಅಚ್ಚಾಗಿರುತ್ತವೆ. ಕಲೆಯ ಪುಸ್ತಕಗಳ ಮೇಲೆ ನನಗಿರುವ ದೊಡ್ಡ ತಕರಾರು ಇದು.

ರೆಂಬ್ರಾಂಟ್‌ನ 'ನೈಟ್ ವಾಚ್' (1642) ಆಮ್‌ಸ್ಟರ್‌ಡ್ಯಾಮ್‌ನ ಊರ ಕಾವಲು ಪಡೆಯವರು ವಂತಿಗೆ ಹಾಕಿ ಬರೆಸಿದ್ದು. 1715ರಲ್ಲಿ ಅದನ್ನು ನಗರಸಭೆಯ ಕಟ್ಟಡಕ್ಕೆ ಒಯ್ದಾಗ ಎರಡು ಬಾಗಿಲ ನಡುವಿನ ಜಾಗಕ್ಕೆ ಹಿಡಿಸಲಿಲ್ಲ. ಏನು ಮಾಡಿದರು ಗೊತ್ತಾ, ನಾಲ್ಕೂ ಕಡೆ ಕತ್ತರಿಸಿದರು. ಗೋಡೆ ಗೆದ್ದಿತು. ರೆಂಬ್ರಾಂಟ್ 1656ರಲ್ಲಿ ದಿವಾಳಿಯಾದ. ಅದೇ ವರ್ಷಗಳಲ್ಲಿ ಅವನು ಕೂತು ಮೊಘಲ್ ಚಿತ್ರಗಳನ್ನು ನಕಲು ಮಾಡುತ್ತಿದ್ದ. ಷಹಜಹಾನ್, ಜಹಾಂಗೀರ್, ಮರದಡಿ ಕೂತ ಸೂಫಿಗಳು. ಸುಮಾರು 23 ರೇಖಾಚಿತ್ರ ಉಳಿದಿವೆ, ಹೆಚ್ಚಿನವು ಜಪಾನಿನ ಕಾಗದದ ಮೇಲೆ. ಹಾಲೆಂಡ್ ಬಿಟ್ಟು ಹೊರಗೇ ಹೋಗದವನು. ಡಚ್ ಕಂಪನಿಯ ಹಡಗುಗಳು ಸೂರತ್‌ನಿಂದ ತಂದದ್ದರಲ್ಲಿ ಇಂಥವೂ ಇದ್ದವು. ಸಾಧಾರಣವಾಗಿ ದಪ್ಪ ಗೆರೆ ಎಳೆಯುವ ಈತ ಇಲ್ಲಿ ಮೊಘಲ್ ಕುಂಚದ ಎದುರು ತಗ್ಗಿ, ಸಣ್ಣ ನಯವಾದ ಗೆರೆ ಎಳೆದಿದ್ದಾನೆ.

ರೊಕೊಕೊ ಬಗ್ಗೆ ಜಾಸ್ತಿ ಹೇಳೋಕೆ ನನಗೆ ಮನಸ್ಸಿಲ್ಲ. ಪ್ಯಾರಿಸ್‌ನ ಸಿರಿವಂತರ ದಿವಾನಖಾನೆಗೆ ಒಪ್ಪುವ ತಿಳಿ ಗುಲಾಬಿ, ತೂಗುಯ್ಯಾಲೆ. ಆಮೇಲೆ ರೋಮನ್ ವೀರರ ಗಂಭೀರ ಚಿತ್ರಗಳು ಬಂದವು, ಫ್ರೆಂಚ್ ಕ್ರಾಂತಿ ಬಂತು. ನನ್ನ ಮಟ್ಟಿಗೆ ಆ ಕಾಲದ ದೊಡ್ಡ ಸುದ್ದಿ ಯಾವ ಚಿತ್ರವೂ ಅಲ್ಲ. 1793ರ ಆಗಸ್ಟ್ 10ರಂದು ಲೂವ್ರ್ ಸಾರ್ವಜನಿಕ ಮ್ಯೂಸಿಯಂ ಆಯಿತು. ಅಲ್ಲಿಂದ ಮುಂದೆ ಹಳೆಯ ಚಿತ್ರಗಳೆಲ್ಲ ತಮ್ಮದಲ್ಲದ ಗೋಡೆಯ ಮೇಲೆ ಪಕ್ಕಪಕ್ಕ ಬಂದು ನಿಂತವು. ಹಾಗೆ ಸಾಲಾಗಿ ನಿಲ್ಲಿಸಿದ ಮೇಲೇ ಕಾಲಕ್ಕೆ ತಕ್ಕಂತೆ ಹೆಸರಿಟ್ಟು ಪಟ್ಟಿ ಮಾಡುವ ಚಾಳಿ ಬೆಳೆದದ್ದು ಅಂತ ನನ್ನ ಗುಮಾನಿ.

ಗೋಯಾ ಮಾತ್ರ ನನ್ನ ಮೂರು ಪ್ರಶ್ನೆಗೂ ಸಿಕ್ಕಿಹಾಕಿಕೊಳ್ಳದವನು. ಸ್ಪೇನ್ ರಾಜನ ಆಸ್ಥಾನ ಚಿತ್ರಕಾರ, ಕಿವಿ ಒಂದಿಷ್ಟೂ ಕೇಳದು. 1819ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಮ್ಯಾಡ್ರಿಡ್ ಹೊರವಲಯದಲ್ಲಿ ಒಂದು ಮನೆ ಕೊಂಡ. ಅದರ ಗೋಡೆಗಳ ಮೇಲೆ, ಒಣ ಗಾರೆಯ ಮೇಲೇ ಎಣ್ಣೆ ಬಣ್ಣದಲ್ಲಿ 14 ಚಿತ್ರ ಬರೆದ. ಮಗನನ್ನು ಕಚ್ಚಿ ತಿನ್ನುವ ರೋಮನ್ ದೇವತೆ ಸ್ಯಾಟರ್ನ್, ಬಾಯಿ ಬಿಟ್ಟ ಜನರ ಗುಂಪು, ಇಳಿಜಾರಿನ ಆಚೆ ತಲೆ ಮಾತ್ರ ಕಾಣುವ ಒಂದು ನಾಯಿ. ಯಾರೂ ಕೇಳಿರಲಿಲ್ಲ. ಯಾರೂ ದುಡ್ಡು ಕೊಟ್ಟಿರಲಿಲ್ಲ. ಯಾರಿಗೂ ತೋರಿಸುವ ಉದ್ದೇಶ ಇತ್ತು ಅನ್ನೋದಕ್ಕೂ ಸಾಕ್ಷಿ ಇಲ್ಲ. ಹೆಸರನ್ನೂ ಅವನು ಇಟ್ಟಿಲ್ಲ, ನಾವು ಕರೆಯುವ ಹೆಸರುಗಳೆಲ್ಲ ಆಮೇಲಿನವು. 1824ರಲ್ಲಿ ಎಲ್ಲ ಬಿಟ್ಟು ಫ್ರಾನ್ಸಿಗೆ ಹೋದ. ಐವತ್ತು ವರ್ಷದ ನಂತರ ಮನೆ ಕೊಂಡ ಬ್ಯಾಂಕರ್ ಒಬ್ಬ ಅವುಗಳನ್ನು ಗೋಡೆಯಿಂದ ಕಿತ್ತು ಕ್ಯಾನ್ವಾಸ್‌ಗೆ ಹಚ್ಚಿಸಿದ. ಕೀಳುವಾಗ ಸಾಕಷ್ಟು ಹಾಳಾಯಿತು. ಈಗ ಪ್ರಾಡೊ ಮ್ಯೂಸಿಯಂನಲ್ಲಿವೆ. ಪಟ್ಟಿಯಲ್ಲಿ ಇವನ್ನು ರೊಮ್ಯಾಂಟಿಕ್ ಕಾಲಕ್ಕೆ ಸೇರಿಸುತ್ತಾರೆ. ಸೇರಿಸಲಿ ಬಿಡಿ. ಆ ನಾಯಿಯನ್ನು ಇವತ್ತು ಬೆಳಗ್ಗೆ ಬರೆದರು ಅಂದರೂ ನಂಬಬಹುದು.

ಮತ್ತೆ ನೀಲಿಗೆ ಬರೋಣ. 1824ರಲ್ಲಿ ಫ್ರಾನ್ಸಿನ ಒಂದು ಸಂಘ, ಅಗ್ಗದ ಅಲ್ಟ್ರಾಮರೀನ್ ಮಾಡಿದವರಿಗೆ 6,000 ಫ್ರಾಂಕ್ ಬಹುಮಾನ ಅಂತ ಸಾರಿತು. 1828ರಲ್ಲಿ ಗಿಮೆ ಎಂಬ ರಸಾಯನ ತಜ್ಞ ಅದನ್ನು ಗೆದ್ದ. ಬದಖ್‌ಶಾನ್‌ನ ಕಲ್ಲು ಬೇಕಿಲ್ಲ, ಕಾರ್ಖಾನೆಯ ಕುಲುಮೆ ಸಾಕು. 1841ರಲ್ಲಿ ಜಾನ್ ರ್‍ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ ತವರದ ಬಣ್ಣದ ಟ್ಯೂಬ್‌ಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ಚುಚ್ಚಿ ಹಿಂಡಬೇಕು, ಮತ್ತೆ ಸರಿಯಾಗಿ ಮುಚ್ಚೋಕಾಗದು. ಟ್ಯೂಬ್ ಜೇಬಿಗೆ ಹಾಕಿಕೊಂಡು ರೈಲು ಹತ್ತಿದರೆ ಅರ್ಧ ಗಂಟೆಯಲ್ಲಿ ನದಿ ದಡ. ಮೊನೆ, ರೆನ್ವಾರ್ ಮಾಡಿದ್ದು ಅದನ್ನೇ. ರೆನ್ವಾರ್‌ನ ಕೊಡೆಗಳ ಚಿತ್ರ ಲಂಡನ್‌ನ ನ್ಯಾಷನಲ್ ಗ್ಯಾಲರಿಯ ಸಂಗ್ರಹದ್ದು. 1880ರ ದಶಕದಲ್ಲಿ ಎರಡು ಸಲ ಕೂತು ಬರೆದದ್ದು. ಮೊದಲ ಸಲ ಕೋಬಾಲ್ಟ್ ನೀಲಿ, ಎರಡನೇ ಸಲ ಈ ಕಾರ್ಖಾನೆ ಅಲ್ಟ್ರಾಮರೀನ್. ಗಿರ್ಲಾಂಡಾಯೊ ತೂಕ ಮಾಡಿ ಬಳಸುತ್ತಿದ್ದ ಬಣ್ಣ ಇಲ್ಲಿ ಬೀದಿಯ ಮಳೆಗೆ ಸಲೀಸಾಗಿ ಸುರಿದಿದೆ.

ಇಷ್ಟಾದರೂ ಗೋಡೆ ಸಿಗಬೇಕಲ್ಲ. ಪ್ಯಾರಿಸ್‌ನಲ್ಲಿ ಹೆಸರು ಮಾಡೋಕೆ ಇದ್ದದ್ದು ಒಂದೇ ದಾರಿ, ಸಲೋನ್ ಎಂಬ ಸರ್ಕಾರಿ ಪ್ರದರ್ಶನ. ನೆಲದಿಂದ ಚಾವಣಿವರೆಗೆ ಚಿತ್ರ ತೂಗುಹಾಕುತ್ತಿದ್ದರು. 1863ರಲ್ಲಿ ತಿರಸ್ಕಾರ ಎಷ್ಟು ಜಾಸ್ತಿಯಾಯಿತು ಅಂದರೆ ಚಕ್ರವರ್ತಿಯೇ ತಿರಸ್ಕೃತರಿಗೆ ಬೇರೆ ಪ್ರದರ್ಶನ ಇಡಿಸಿದ. 1874ರಲ್ಲಿ ಮೊನೆ, ದೆಗಾ, ಪಿಸ್ಸಾರೊ, ಬೆರ್ತ್ ಮೊರಿಸೊ ಮೊದಲಾದವರು ಫೋಟೊಗ್ರಾಫರ್ ನಾದಾರ್‌ನ ಹಳೆಯ ಸ್ಟುಡಿಯೊ ಹಿಡಿದು ತಾವೇ ಪ್ರದರ್ಶನ ಮಾಡಿದರು. ಪಟ್ಟಿಯಲ್ಲಿ ಇಂಪ್ರೆಷನಿಸಂ ಅನ್ನುವುದು ಇವರನ್ನೇ. ಪತ್ರಿಕೆಯವರು ನಕ್ಕರು. ಕೊಂಡವರು ಕಡಿಮೆ. ಕೊನೆಗೆ ಕೈಹಿಡಿದದ್ದು ಪೋಲ್ ದ್ಯುರಾಂ ರ್‍ಯುಯೆಲ್ ಎಂಬ ವ್ಯಾಪಾರಿ. 1886ರಲ್ಲಿ ಅವನು ಮುನ್ನೂರರಷ್ಟು ಚಿತ್ರಗಳನ್ನು ನ್ಯೂಯಾರ್ಕ್‌ಗೆ ಒಯ್ದ, ಅಲ್ಲಿನ ಹೊಸ ಶ್ರೀಮಂತರು ಕೊಂಡರು. ಚರ್ಚು, ರಾಜ, ಜಾತ್ರೆ, ಸರ್ಕಾರ ಎಲ್ಲ ಆಗಿ ಈಗ ಗ್ಯಾಲರಿಯವನ ಕಾಲ. ವಸ್ತುಗಳನ್ನು ಕೋನ ಕೋನವಾಗಿ ಒಡೆದು ಬರೆಯುವ ಪಿಕಾಸೊ ಮೊದಲಾದವರ ಕ್ಯೂಬಿಸಂ ಬೆಳೆದದ್ದೂ ಹಾಗೆ. ಕಾನ್‌ವೈಲರ್ ಎಂಬ ವ್ಯಾಪಾರಿ ಕೊಂಡುಕೊಳ್ಳುತ್ತಿದ್ದ, ನಾಲ್ಕಾರು ಸಂಗ್ರಾಹಕರಿದ್ದರು. ಊರಿಗೆಲ್ಲ ಇಷ್ಟವಾಗಬೇಕು ಅನ್ನೋ ಒತ್ತಡವೇ ಇರಲಿಲ್ಲ. ಅಷ್ಟು ಧೈರ್ಯ ಬಂದದ್ದಕ್ಕೆ ಅದೂ ಒಂದು ಕಾರಣ.

ಹೊಸ ಬಣ್ಣಗಳಿಗೆ ಒಂದು ಶಾಪವೂ ಇತ್ತು. ವಾನ್ ಗೋ 1888ರಲ್ಲಿ ಫ್ರಾನ್ಸಿನ ಆರ್ಲ್ ಊರಿನ ತನ್ನ ಮಲಗುವ ಕೋಣೆ ಬರೆದ. ಗೋಡೆ ತಿಳಿ ನೇರಳೆ ಅಂತ ಅವನೇ ಪತ್ರದಲ್ಲಿ ಹೇಳಿದ್ದಾನೆ. ಇವತ್ತು ನೋಡಿದರೆ ಗೋಡೆ ನೀಲಿ. ಅದರಲ್ಲಿದ್ದ ಕೆಂಪು ಬೆಳಕಿಗೆ ಮಾಸಿಹೋಗಿದೆ. ನಾವು ಮೆಚ್ಚಿ ಮಗ್ಗಿನ ಮೇಲೆ, ಕ್ಯಾಲೆಂಡರ್ ಮೇಲೆ ಅಚ್ಚು ಹಾಕಿಸಿಕೊಳ್ಳುವುದು ಅವನು ಬರೆಯದ ಗೋಡೆಯನ್ನು.

ಅಮೆರಿಕದ ಚಿತ್ರಕಾರ ಮಾರ್ಕ್ ರಾಥ್ಕೊನ ಚಿತ್ರಗಳಿಗೆ ಈ ಶಾಪ ಇನ್ನೂ ಕೆಟ್ಟದಾಗಿ ತಟ್ಟಿತು. 1958ರಲ್ಲಿ ನ್ಯೂಯಾರ್ಕ್‌ನ ಒಂದು ದುಬಾರಿ ರೆಸ್ಟೋರೆಂಟ್‌ಗೆ ದೊಡ್ಡ ಚಿತ್ರಗಳನ್ನು ಬರೆಯೋಕೆ ಒಪ್ಪಿದ್ದ. ಬರೆದಾದ ಮೇಲೆ ಅಲ್ಲಿ ಊಟಕ್ಕೆ ಹೋಗಿ ಬಂದು, ಇಂಥ ಜಾಗಕ್ಕೆ ಕೊಡೋದಿಲ್ಲ ಅಂತ ಮುಂಗಡ ವಾಪಸ್ ಮಾಡಿದ. ಆದರೆ 1960ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟದ್ದೂ ಒಂದು ಊಟದ ಕೋಣೆಗೇ ಹೋಯಿತು. ದೊಡ್ಡ ಕಿಟಕಿ, ಧಾರಾಳ ಬಿಸಿಲು. ಅವನು ಬಳಸಿದ್ದ ಲಿಥಾಲ್ ಎಂಬ ಕೆಂಪು ಬಿಸಿಲಿಗೆ ತಡೆಯದ ಬಣ್ಣ. ಕಡುಗೆಂಪು ಮಾಸಿ ಬೇರೇನೋ ಬಣ್ಣವಾಯಿತು. 1979ರಲ್ಲಿ ತೆಗೆದು ಉಗ್ರಾಣಕ್ಕೆ ಸೇರಿಸಿದರು. 2014ರಲ್ಲಿ ಹಾರ್ವರ್ಡ್‌ನವರು ಒಂದು ಉಪಾಯ ಮಾಡಿದರು. ಬಣ್ಣ ಮುಟ್ಟಲಿಲ್ಲ. ಹಳೆಯ ಫೋಟೊಗಳಿಂದ ಲೆಕ್ಕ ಹಾಕಿ, ಕಳೆದುಹೋದ ಬಣ್ಣವನ್ನು ಪ್ರೊಜೆಕ್ಟರ್ ಬೆಳಕಿನಲ್ಲಿ ಚಿತ್ರದ ಮೇಲೆ ಬಿಟ್ಟರು. ದಿನಾ ಸಂಜೆ 4ಕ್ಕೆ ಪ್ರೊಜೆಕ್ಟರ್ ಆರಿಸುತ್ತಿದ್ದರು. ಅದನ್ನು ನೋಡೋಕೇ ಜನ ಕಾದು ನಿಲ್ಲುತ್ತಿದ್ದರು. ಇದು ದುರಸ್ತಿಯೋ, ಸಿನಿಮಾನೋ ಅಂತ ಕಲಾವಲಯದಲ್ಲಿ ಜಗಳವೂ ಆಯಿತು. ನಾನಾದರೆ ನಾಲ್ಕು ಗಂಟೆಯ ನಂತರವೇ ಹೋಗುತ್ತಿದ್ದೆ. ಮಾಸಿದ್ದೇ ಆದರೂ ಅಲ್ಲಿರುವುದು ಅವನ ಕೈಯ ಬಣ್ಣ, ಬಿಸಿಲು ಮಾಡಿದ್ದೂ ಆ ಚಿತ್ರದ ಕಥೆಯೇ. ಪ್ರೊಜೆಕ್ಟರ್ ಇರುವಾಗಲೇ ನೋಡಬೇಕು ಅನ್ನುವವರೂ ಇರಬಹುದು. ಅವರ ವಾದ ಏನು ಅಂತ ಕೆಳಗೆ ಬರೆದರೆ ಓದುತ್ತೇನೆ.